ಅಸ್ಕಾಲೆ ಹುಡುಕಿದ ಕಾಫಿ

ಸೆಬ್ಲೆಯ ನಾಲಗೆಗೆ ಅಡಿಸ್ ಅಬಾಬದಲ್ಲಿ ದೊಡ್ಡ ಹೆಸರಿತ್ತು. ಹೆಂಗಸಿನ ನಾಲಗೆ ಎಂದ ಕೂಡಲೇ ಜಗಳಗಂಟಿ ಇರಬೇಕು ಅಂದುಕೊಳ್ಳಬೇಡಿ. ಜಗಳವನ್ನೂ ಆಡುತ್ತಿದ್ದಳು, ಅದು ಬೇರೆ ಮಾತು. ಅವಳ ಕೆಲಸ ಕಾಫಿಯ ರುಚಿ ನೋಡುವುದು. ದೇಶದ ಮೂಲೆಮೂಲೆಯಿಂದ ಮೂಟೆಯಲ್ಲಿ ಬಂದ ಬೀಜವನ್ನು ಹುರಿದು, ಪುಡಿಮಾಡಿ, ಬಿಸಿನೀರು ಹೊಯ್ದು ಬಟ್ಟಲುಗಳನ್ನು ಸಾಲಾಗಿ ಇಡುತ್ತಿದ್ದರು. ಇವಳು ಒಂದೊಂದರ ಮುಂದೆಯೂ ಬಾಗಿ, ಮೂಸಿ, ಚಮಚದಲ್ಲಿ ಸೊರ್ರನೆ ಎಳೆದು ಹೇಳಿಬಿಡುವಳು. ಇದು ಹರಾರಿನದು, ಹಣ್ಣಿನ ಸಮೇತ ಬಿಸಿಲಿಗೆ ಹಾಕಿದ್ದಾರೆ. ಇದು ಯಿರ್ಗಾಚೆಫೆಯದು, ತೊಳೆದದ್ದು, ಮಲ್ಲಿಗೆ ಮುಡಿದವಳು ಪಕ್ಕದಲ್ಲಿ ಹಾದುಹೋದ ಹಾಗಿದೆ. ಇದಕ್ಕೆ ಮಣ್ಣು ತಾಗಿದೆ, ಒಣಗಿಸಿದವನು ಶುದ್ಧ ಸೋಮಾರಿ. ಇಪ್ಪತ್ತೆರಡು ವರ್ಷ ಹೀಗೆ ಹೇಳಿದ್ದಳು, ತಪ್ಪಿದ್ದು ಎರಡೋ ಮೂರೋ ಸಲ ಮಾತ್ರ.

ಆದರೆ ಮನೆಯಲ್ಲಿ ಕಾಫಿ ಅವಳ ಕೈಯಲ್ಲಿರಲಿಲ್ಲ, ತಾಯಿ ಅಸ್ಕಾಲೆಯ ಕೈಯಲ್ಲಿತ್ತು. ಎಪ್ಪತ್ತು ದಾಟಿದ ಮುದುಕಿ ನೆಲಕ್ಕೆ ಹಸಿಹುಲ್ಲು ಹರಡಿ, ಕೆಂಡದ ಮೇಲೆ ಕಾವಲಿ ಇಟ್ಟು ಬೀಜ ಹುರಿದು, ಆ ಹೊಗೆಯನ್ನು ಬಂದವರ ಮುಖದ ಹತ್ತಿರ ಒಯ್ದು ತೋರಿಸಿ, ಒರಳಲ್ಲಿ ಕುಟ್ಟಿ, ಕರಿಮಣ್ಣಿನ ಜೆಬೆನಾ ಹೂಜಿಯಲ್ಲಿ ಕುದಿಸುತ್ತಿದ್ದಳು. ಗೇಣುದ್ದ ಮೇಲಿನಿಂದ ಹೊಯ್ದರೂ ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಕೂರುವರು. ಮೊದಲ ಸುತ್ತು ಗಟ್ಟಿ, ಎರಡನೆಯದು ಹದ, ಮೂರನೆಯದು ತೆಳು, ಅದು ಆಶೀರ್ವಾದದ ಬಟ್ಟಲು. ಮೂರೂ ಮುಗಿಯದೆ ಯಾರೂ ಏಳುವಂತಿಲ್ಲ. ಕೊನೆಗೆ ಅಸ್ಕಾಲೆ ತನ್ನ ಬಟ್ಟಲನ್ನು ಕೆಳಗಿಟ್ಟು, "ಚೆನ್ನಾಗಿದೆ," ಎನ್ನುವಳು. ಆಮೇಲೆ ಮಗಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಆದ್ರೆ ಇದಲ್ಲ," ಎನ್ನುವಳು. ಸೆಬ್ಲೆ ಇದನ್ನು ಹುಟ್ಟಿದಾಗಿನಿಂದ ಕೇಳಿದ್ದಳು. ಬೇರೆಯವರು ಕುಂತಾಗ ನಿಂತಾಗ ದೇವರೇ ಎನ್ನುವಂತೆ ಅಮ್ಮನದೂ ಒಂದು ಅಭ್ಯಾಸ ಅಂದುಕೊಂಡಿದ್ದಳು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಬೀದಿಯ ಸಾವಿನ ಸಂಘದವರು ಮನೆಮನೆಗೂ ಬಂದರು. ನಮ್ಮಲ್ಲಿ ಸಾವಾದರೆ ಡೇರೆ, ಬೆಂಚು, ಅಡುಗೆ, ಅಳುವವರು, ಎಲ್ಲ ಸಂಘದ್ದೇ. ವಯಸ್ಸಾದವರನ್ನು ಕೇಳಿ ಬರೆದುಕೊಳ್ಳುತ್ತಿದ್ದರು: ಕಾಲ ಬಂದಾಗ ಯಾವ ಊರಿಗೆ ಸುದ್ದಿ ಮುಟ್ಟಿಸಬೇಕು?

"ನಮ್ಮ ಯಜಮಾನರ ಊರಿಗೆ ಹೇಳಿಕಳಿಸಿ ಸಾಕು," ಎಂದಳು ಅಸ್ಕಾಲೆ, ಹೂಜಿ ಬಗ್ಗಿಸುತ್ತ.

"ಅದು ಸರಿ ಅಜ್ಜಿ. ತವರಿಗೆ?"

ಕಾಫಿ ಬಟ್ಟಲಿನಿಂದಾಚೆ ಹುಲ್ಲಿನ ಮೇಲೆ ಬಿತ್ತು. ಸೆಬ್ಲೆ ಕಂಡಂತೆ ಅದೇ ಮೊದಲು. ಅಸ್ಕಾಲೆ ಸೆರಗಿನಲ್ಲಿ ನೆಲ ಒರೆಸಿ, "ತಣ್ಣಗಾಗ್ತಿದೆ, ಕುಡೀರಪ್ಪ," ಎಂದಳು. ಅವರು ಪುಸ್ತಕದಲ್ಲಿ ತವರಿನ ಜಾಗ ಖಾಲಿ ಬಿಟ್ಟು ಹೋದರು.

ಅವರು ಹೋದ ಮೇಲೆ ಮುದುಕಿ ಕೆಂಡ ನೋಡುತ್ತ ಕೂತುಬಿಟ್ಟಳು.

"ಸೆಬ್ಲೇ, ನಾನು ಎಲ್ಲಿಯವಳೇ?"

ಸೆಬ್ಲೆಗೆ ಗೊತ್ತಿದ್ದದ್ದು ಇಷ್ಟೆ: ಆರೋ ಏಳೋ ವರ್ಷದ ಹುಡುಗಿಯನ್ನು ದಣಿಗಳೊಬ್ಬರ ಜನ ನೈರುತ್ಯದ ಕಾಡುಗಳ ಕಡೆಯಿಂದ ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಬಂದರು. ಸಾಕಿಕೊಳ್ಳುತ್ತೇವೆ ಎಂದು ತಂದವರು ಅಡುಗೆಮನೆಯಲ್ಲಿ ಬಿಟ್ಟರು. ಅಸ್ಕಾಲೆ ಎಂಬ ಹೆಸರು ಅಲ್ಲಿ ಇಟ್ಟದ್ದು. ಹಳೆಯ ಹೆಸರು ಹೋಯಿತು, ಭಾಷೆ ಹೋಯಿತು, ತಾಯಿಯ ಮುಖವೂ ಹೋಯಿತು. ಅಮ್ಮ ಇದನ್ನು ಯಾವತ್ತೂ ಅತ್ತು ಹೇಳಿದವಳಲ್ಲ. ಅವಳ ಬಾಯಿಂದ ಬಂದಾಗ ಯಾರದೋ ಮನೆಯ ಸುದ್ದಿಯ ಹಾಗಿರುತ್ತಿತ್ತು.

"ಒಂದೇ ಒಂದು ಉಳಿದಿದೆ ಕಣೇ," ಎಂದಳು ಅಸ್ಕಾಲೆ. "ಯಾರೋ ತೊಡೆ ಮೇಲೆ ಕೂರಿಸ್ಕೊಂಡು ಕಾಫಿ ಕುಡಿಸ್ತಿದ್ರು. ಸೋರೆಬುರುಡೇಲಿ. ಬೆಳಗಿನ ಹೊತ್ತು, ಹೊರಗಡೆ ಮಂಜು. ಉಪ್ಪುಪ್ಪು. ನಾಲಗೆ ಉರೀತಿತ್ತು, ಮೂಗಲ್ಲಿ ನೀರು ಬರೋದು, ಆದ್ರೂ ಬಿಡೋಕೆ ಮನಸ್ಸಿಲ್ಲ. ಹಸಿರು ಹಸಿರು ವಾಸನೆ."

"ಅದು ಕಾಫಿನೇ ಅಂತ ಏನು ಗ್ಯಾರಂಟಿ?"

"ಕಾಫಿ ವಾಸನೆ ನನಗೆ ಗೊತ್ತಾಗಲ್ವೇನೇ? ನಿನ್ನ ನಾಲಗೆ ಎಲ್ಲಿಂದ ಬಂತು ಅಂದ್ಕೊಂಡಿದೀಯಾ, ನಿಮ್ಮಪ್ಪನಿಂದಾನಾ?" ಎಂದು ಗದರಿ, ಮತ್ತೆ ದನಿ ತಗ್ಗಿಸಿದಳು. "ಅದೊಂದು ಗುಟುಕು ಸಿಕ್ಕಿದ್ರೆ, ಸಿಕ್ಕಿದ ಊರೇ ನನ್ನೂರು. ಇಂಥಾ ಕಡೆಯವಳು ನಾನು ಅಂತ ಒಂದು ಸಲ ಬಾಯ್ತುಂಬ ಹೇಳಿ ಸಾಯ್ಬೇಕು. ಅಷ್ಟೇ ನನಗೆ ಬೇಕಿರೋದು."

ಸೆಬ್ಲೆಯ ಜಂಬ ಎಲ್ಲಿಗೆ ಹೋಗಬೇಕು? "ಇಷ್ಟೇನಾ? ಒಂದು ವಾರ ಕೊಡವ್ವ," ಎಂದುಬಿಟ್ಟಳು.

ಒಂದು ವಾರ ಹೋಗಿ ಒಂದು ತಿಂಗಳಾಯಿತು. ಸೆಬ್ಲೆ ದಿನಕ್ಕೊಂದು ಪೊಟ್ಟಣ ತರುವಳು. ಉರಿಯುತ್ತಿತ್ತು ಎಂದರೆ ಕಪ್ಪಗೆ ಹುರಿದಿರಬೇಕು ಎಂದುಕೊಂಡು ಬೀಜವನ್ನು ಇದ್ದಿಲಾಗುವವರೆಗೂ ಹುರಿದಳು. ಹಸಿರು ವಾಸನೆ ಎಂದರೆ ಅರೆಬರೆ ಹುರಿದದ್ದೇನೋ ಎಂದು ಮಾರನೆಯ ದಿನ ಬಿಸಿಯಷ್ಟೇ ಮಾಡಿ ಕುಟ್ಟಿದಳು. ಹರಾರಿನವರ ಹಾಗೆ ಬೀಜದ ಮೇಲಿನ ಒಣಸಿಪ್ಪೆಯನ್ನು ಹಾಲಿನಲ್ಲಿ ಕುದಿಸಿದಳು. ದಕ್ಷಿಣದ ದನಗಾಹಿಗಳ ಹಾಗೆ ಹಣ್ಣನ್ನು ಇಡಿಯಾಗಿ ಬೆಣ್ಣೆಯಲ್ಲಿ ಹುರಿದು ತಂದಾಗ ಅಸ್ಕಾಲೆ ಸೆರಗಿನ ಮರೆಯಲ್ಲಿ ನಕ್ಕಳು. "ಇದು ಕುಡಿಯೋದಾ, ಊಟಕ್ಕೆ ನೆಂಚ್ಕೊಳ್ಳೋದಾ?" ಎಂದು ಕೇಳಿ, ನಾಲ್ಕು ಕಾಳು ಅಗಿದು, ಚೆನ್ನಾಗಿದೆ ಎಂದಳು. ಸೆಬ್ಲೆ ತಾಯಿಯ ತುಟಿಯನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡಿತು. ಇದಲ್ಲ.

ಕೊನೆಗೆ ಸೆಬ್ಲೆ ಹದಿನೈದು ದಿನ ರಜೆ ಹಾಕಿದಳು. ಕೊಯ್ಲಿನ ಕಾಲದಲ್ಲಿ ರಜೆಯೇ ಎಂದು ಮೇಲಿನವರು ಕಣ್ಣು ಬಿಟ್ಟರು. ತಾಯಿಯ ತವರಿಗೆ ಹೋಗಬೇಕು ಎಂದಳು. ಯಾವ ಊರು ಎಂದು ಕೇಳಿದರೆ, ಹೋದ ಮೇಲೆ ಗೊತ್ತಾಗುತ್ತೆ ಎಂದಳು.

ಜಿಮ್ಮಾಕ್ಕೆ ಹೋಗುವ ಬಸ್ಸಿನಲ್ಲಿ ಅಸ್ಕಾಲೆ ಕಿಟಕಿಯ ಪಕ್ಕ ಕೂತು, ಮುಖವನ್ನು ಗಾಳಿಗೆ ಕೊಟ್ಟು, ಮೂಸುತ್ತ ಹೋದಳು. ದಾರಿ ಇಳಿಯಿತು, ದೊಡ್ಡ ನದಿ ಬಂತು, ಮತ್ತೆ ಏರಿತು. ಬಸ್ಸು ನಿಂತಲ್ಲೆಲ್ಲ ರಸ್ತೆಬದಿಯಲ್ಲಿ ಯಾವಳೋ ಒಬ್ಬಳು ಕೆಂಡದ ಮುಂದೆ ಬೀಜ ಹುರಿಯುತ್ತಿದ್ದಳು. ಇವರು ಇಳಿದು ಕುಡಿದರು. ಸಣ್ಣ ಬಟ್ಟಲು, ಮೂರು ಸುತ್ತು, ಬಾಯ್ತುಂಬ ಆಶೀರ್ವಾದ, ಮತ್ತೆ ಬಸ್ಸು. ದಿನಕ್ಕೆ ಒಂಬತ್ತು, ಕೆಲವು ದಿನ ಹನ್ನೆರಡು ಬಟ್ಟಲು. ಅಷ್ಟು ಕಾಫಿ ಒಳಗೆ ಹೋದರೆ ಮನುಷ್ಯ ಏನಾಗಬೇಕು ಹೇಳಿ? ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಕಾಣುವುದೆಲ್ಲ ಒಂದಿಷ್ಟು ದೂರ ಸರಿದು ನಿಂತ ಹಾಗಿರುತ್ತಿತ್ತು. ಬಸ್ಸು ನಿಂತೇ ಇದೆ, ಬೆಟ್ಟಗಳೇ ಹಿಂದಕ್ಕೆ ಹೋಗುತ್ತಿವೆ ಎನಿಸುತ್ತಿತ್ತು ಸೆಬ್ಲೆಗೆ. ಒಮ್ಮೆ ಅಮ್ಮನ ಕಡೆ ತಿರುಗಿದರೆ ಸೀಟಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಕೂತಂತೆ ಕಂಡು, ಕಣ್ಣುಜ್ಜಿ ನೋಡಿದಳು. ಅಮ್ಮನೇ. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು.

ಬೊಂಗಾ ತಲುಪಿದಾಗ ಮಂಜು ಮನೆಗಳ ಚಾವಣಿಯವರೆಗೂ ಇಳಿದಿತ್ತು. ಅಲ್ಲಿ ಕಾಫಿ ತೋಟದ್ದಲ್ಲ, ಕಾಡಿನದು. ದೊಡ್ಡ ಮರಗಳ ಕೆಳಗೆ ತಾನಾಗಿ ಹುಟ್ಟಿ, ಪಾಚಿ ಕಟ್ಟಿ, ಮನುಷ್ಯನ ಎರಡರಷ್ಟು ಎತ್ತರ ಬೆಳೆದ ಗಿಡಗಳು. ಸೆಬ್ಲೆ ಬಾಗಿಲು ಬಾಗಿಲಿಗೂ ಹೋಗಿ ಕೇಳುತ್ತಿದ್ದಳು: "ಅಡಿಸ್‌ನಿಂದ ಬಂದಿದೀವಿ. ನಿಮ್ಮ ಕಡೆ ಕಾಫಿಯ ರುಚಿ ನೋಡ್ಬೇಕು. ಒಳ್ಳೇದು ಯಾವುದಿದೆಯೋ ಅದನ್ನೇ ಮಾಡಿ." ಮನೆಯಾಕೆ ಹಿಗ್ಗಿ ಹೀರೇಕಾಯಿಯಾಗಿ ಹುಲ್ಲು ಹಾಸಿ, ಲೋಬಾನ ಹಾಕಿ, ಇರುವುದರಲ್ಲೇ ದಪ್ಪ ಬೀಜ ಆರಿಸಿ ಹುರಿಯುವಳು. ಮನೆಯಲ್ಲಿ ಒಳ್ಳೆಯದಿಲ್ಲದಿದ್ದರೆ ಹಿತ್ತಲಿನಿಂದ ಓಡಿ ನೆರೆಮನೆಯಿಂದ ತರುವಳು. ಏಲಕ್ಕಿ, ಒಂದು ಚಿಟಿಕೆ ಉಪ್ಪು, ಮೇಲೆ ನಾಗದಾಳಿ ಸೊಪ್ಪಿನ ಒಂದು ಎಸಳು.

"ಉಪ್ಪು ಸರಿಯಾಗಿದೆ," ಎಂದಳು ಅಸ್ಕಾಲೆ. ಇನ್ನೊಂದು ಗುಟುಕು ಎಳೆದಳು. "ಇದೇ ಉಪ್ಪು ಕಣೇ. ಆದ್ರೆ ಇದಲ್ಲ."

ಸೆಬ್ಲೆಗೆ ಬೇಟೆ ಹತ್ತಿರ ಬಂದಂತಾಯಿತು. ಮುಂದೆ ಮೀಜಾನ್ ಪೇಟೆಯಲ್ಲಿ ಬೀಜದ ಜೊತೆ ಹಿಪ್ಪಲಿ ಕುಟ್ಟಿ ಕುದಿಸಿದರು. ಅಸ್ಕಾಲೆ ಕಣ್ಣು ಮುಚ್ಚಿದಳು. ಉರಿ ಬಂತು, ಆದರೆ ಇಷ್ಟಲ್ಲ ಎಂದಳು. ಉಪ್ಪು ಸಿಕ್ಕಿತು, ಉರಿ ಅರ್ಧ ಸಿಕ್ಕಿತು, ಹಸಿರು ಒಂದು ಬಾಕಿ. ಸೆಬ್ಲೆ ಒಬ್ಬಳ ಹತ್ತಿರ ಹಸಿಬೀಜವನ್ನೇ ಕುದಿಸಿಕೊಡಿ ಎಂದು ಕೇಳಿದಳು. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು, "ಪೇಟೆಯವರಿಗೆ ಬುದ್ಧಿ ನೆಟ್ಟಗಿದೆಯಾ?" ಎಂದು ಪಕ್ಕದವಳನ್ನು ಕೇಳಿದಳು.

ರಜೆಯಲ್ಲಿ ನಾಲ್ಕೇ ದಿನ ಉಳಿದಿದ್ದವು. ಆಟೊ ಓಡಿಸುವ ದೆಮಿಸ್ಸೆ ಎಂಬವನು ಇವರ ಪಾಡು ನೋಡಿ, "ಬನ್ನಿ ಅಕ್ಕಾ, ನಮ್ಮ ಚಿಕ್ಕಮ್ಮ ಅಮಾರೆಚ್ ಮನೆಗೆ ಬಿಡ್ತೀನಿ. ಅವಳ ಕೈ ಕಾಫಿ ಕುಡಿದೋರು ಮತ್ತೊಬ್ಬರದ್ದು ಕುಡಿಯಲ್ಲ," ಎಂದ. ರಸ್ತೆ ಮುಗಿದಲ್ಲಿ ಆಟೊ ನಿಲ್ಲಿಸಿ, ದೇಶದ ದೊಡ್ಡ ನಾಲಗೆಯವರು ಬರುತ್ತಿದ್ದಾರೆ ಎಂದು ಚಿಕ್ಕಮ್ಮನಿಗೆ ಫೋನಿನಲ್ಲಿ ಹೊಗಳಿ, ದೆಮಿಸ್ಸೆ ಹಿಂದಿರುಗಿದ. ಉಳಿದದ್ದು ನಡಿಗೆ. ಮರಗಳ ನಡುವೆ ಏರುವ ಕಾಲುದಾರಿ, ಎರಡು ಕಡೆಯೂ ಕೆಂಪು ಹಣ್ಣಿನ ಗಿಡಗಳು, ಮೇಲೆಲ್ಲೋ ಕೋತಿಗಳ ಕೂಗು. ಅಸ್ಕಾಲೆ ಯಾರ ಕೈಯನ್ನೂ ಹಿಡಿಯದೆ ಮುಂದೆ ಮುಂದೆ ಹೋದಳು. ಒಂದು ಕಡೆ ನಿಂತು ಮರಕ್ಕೆ ಅಂಗೈ ಒತ್ತಿದಳು.

"ಏನವ್ವಾ? ಗುರುತು ಸಿಕ್ತಾ?"

"ಇಲ್ಲ. ತಣ್ಣಗಿದೆ, ಅದಕ್ಕೇ," ಎಂದು ನಡೆದಳು.

ಅಮಾರೆಚ್ ಐವತ್ತರ ಗಟ್ಟಿಗಿತ್ತಿ. ಮೂವರು ಸೊಸೆಯಂದಿರನ್ನು ಕಣ್ಣಂಚಿನಲ್ಲೇ ಓಡಿಸುವವಳು. ಬಂದವರನ್ನು ನೋಡಿದ್ದೇ ತಡ, ಬನ್ನಿ ಬನ್ನಿ ಎಂದು ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಚಾಪೆ ಹಾಸಿ, ಕೂರಿಸಿ, ಕಾಲಿಗೆ ನೀರು ಕೊಟ್ಟಳು. "ಅಷ್ಟು ದೂರದಿಂದ ನಮ್ಮ ಗುಡಿಸಲಿಗೆ ಬಂದಿರಲ್ಲ, ನಮ್ಮ ಪುಣ್ಯ. ಹಿರಿಯರು ಈ ಕಡೆ ಒರಗಿಕೊಳ್ಳಿ. ಹೊಗೆ ಬರುತ್ತೆ, ಅಲ್ಲಿ ಬೇಡ," ಎಂದಳು. ಅವಳು ಮಾಡಿದ ಕಾಫಿ ಇದೆಯಲ್ಲ, ಅದನ್ನು ಸೆಬ್ಲೆ ಇವತ್ತಿಗೂ ನೆನೆಯುತ್ತಾಳೆ. ಮೊದಲ ಗುಟುಕಿಗೆ ಜೇನು, ನಡುವೆ ಯಾವುದೋ ಕಾಡುಹಣ್ಣು, ಕೊನೆಯಲ್ಲಿ ಒದ್ದೆ ಮರದ ತೊಗಟೆ. ರುಚಿ ನೋಡುವ ಮೇಜಿನ ಮೇಲೆ ಬಂದಿದ್ದರೆ ನೂರಕ್ಕೆ ತೊಂಬತ್ತೆರಡು ಕೊಡುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಸ್ಕಾಲೆ ಮೂರೂ ಬಟ್ಟಲು ಕುಡಿದಳು. ಚೆನ್ನಾಗಿದೆ ಎಂದಳು. ಅಮಾರೆಚ್ ಕಾವಲಿ ತೊಳೆಯಲು ಎದ್ದಳು. ಸೆಬ್ಲೆ ತಾಯಿಯ ತುಟಿ ನೋಡಿದಳು.

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

"ಇನ್ನೇನವ್ವಾ ಬೇಕು ನಿನಗೆ?" ಎಂದಳು, ಹಲ್ಲು ಕಚ್ಚಿ. "ಇದಕ್ಕಿಂತ ಒಳ್ಳೆ ಕಾಫಿ ಈ ಭೂಮಿ ಮೇಲಿಲ್ಲ. ಉಪ್ಪು ಅಂದೆ, ತೋರಿಸ್ದೆ. ಖಾರ ಅಂದೆ, ತೋರಿಸ್ದೆ. ನಾನು ನೋಡದೇ ಇರೋ ಕಾಫಿ ಈ ದೇಶದಲ್ಲಿಲ್ಲ, ಗೊತ್ತಾ? ನೀನು ಹೇಳೋ ಕಾಫಿ ಎಲ್ಲೂ ಇಲ್ಲ. ಕನಸು ಕಂಡಿದೀಯ ನೀನು. ಮಗು ಕಂಡ ಕನಸು."

ಅಸ್ಕಾಲೆ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿಟ್ಟಳು. ಕೋಪ ಬಂದಿದ್ದರೆ ಸೆಬ್ಲೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇರಬಹುದು ಕಣವ್ವ," ಎಂದಳು ಮುದುಕಿ. "ನನಗೂ ಎಷ್ಟೋ ಸಲ ಹಾಗನ್ನಿಸಿದೆ. ನಾಳೆ ಊರಿಗೆ ಹೋಗೋಣ." ಹೊರಗೆ ಒಂದು ಗಳಿಗೆ ಗಾಳಿಗೆ ಕೂರುತ್ತೇನೆಂದು ಎದ್ದು, ಹಿತ್ತಲ ಬಾಗಿಲಿಂದ ಆಚೆ ಹೋದಳು.

ಸೆಬ್ಲೆ ಚಾಪೆಯ ಮೇಲೆ ಮುಖ ಅಡಿಯಾಗಿ ಮಲಗಿಬಿಟ್ಟಳು. ಅಂದ ಮಾತನ್ನು ವಾಪಸು ನುಂಗಬೇಕು ಎನಿಸುತ್ತಿತ್ತು. ಹುಲ್ಲಿನ ಹಸಿವಾಸನೆ, ಲೋಬಾನದ ಹೊಗೆ, ಗೋಡೆಯ ಸಂದಿಯಿಂದ ಬಂದ ಬೆಳಕಿನ ಗೆರೆಗಳು. ಹನ್ನೊಂದು ದಿನಗಳಿಂದ ಬಾರದಿದ್ದ ನಿದ್ದೆ ಆ ನಡುಮಧ್ಯಾಹ್ನ ಕಳ್ಳಹೆಜ್ಜೆಯಲ್ಲಿ ಬಂತು. ಬಟ್ಟಲುಗಳು ಸಾಲಾಗಿ ಕಾಡಿನೊಳಗೆ ಹೋಗುತ್ತಿದ್ದವು. ಅವಳು ಒಂದೊಂದನ್ನೂ ಬಾಗಿ ಮೂಸುತ್ತಿದ್ದಳು, ಎಲ್ಲದರಲ್ಲೂ ಬರೀ ಮಂಜು ತುಂಬಿತ್ತು. ಸಾಲಿನ ಕೊನೆಯಲ್ಲಿ ಯಾರೋ ಬೆನ್ನು ತಿರುಗಿಸಿ ಕೂತಿದ್ದರು. ಎಷ್ಟು ನಡೆದರೂ ಅವರು ಅಷ್ಟೇ ದೂರ.

ಎಚ್ಚರವಾದದ್ದು ಕಿರುಚಾಟಕ್ಕೆ. ಹೊರಗೆ ಬೆಳಕು ಬೂದಿಯಾಗಿತ್ತು, ಗಾಳಿ ಮರಗಳನ್ನು ಹಿಡಿದು ಜಗ್ಗುತ್ತಿತ್ತು. ಹಿತ್ತಲಲ್ಲಿ ಅಮಾರೆಚ್‌ಳ ಗಂಟಲು: "ಮಳೆ ಬಂತ್ರೇ! ಕಾಫಿ! ಕಾಫಿ ಎತ್ರೇ!"

ಕೊಯ್ಲಿನ ದಿನಗಳಲ್ಲಿ ಅಕಾಲಮಳೆ ಎಂದರೆ ನಮ್ಮ ಹೆಂಗಸರಿಗೆ ಬೆಂಕಿ ಬಿದ್ದ ಹಾಗೆಯೇ. ಚಾಪೆಗಳ ಮೇಲೆ ಹರಡಿದ ಹಣ್ಣು ನೆನೆದರೆ ಮುಗಿಯಿತು, ಬೂಸಲು. ಸೆಬ್ಲೆ ಬಾಗಿಲಿಗೆ ಬರುವಷ್ಟರಲ್ಲಿ ಸೊಸೆಯಂದಿರು ಓಡುತ್ತಿದ್ದರು, ಗಿಡಗಳ ಕಡೆಯಿಂದ ಇಳಿದುಬಂದ ಕೂಲಿಹೆಂಗಸರು ಓಡುತ್ತಿದ್ದರು. ಅಮಾರೆಚ್ ಚಾಪೆಯ ಒಂದು ತುದಿ ಹಿಡಿದು ಬಾಗಿದವಳು, ಇನ್ನೊಂದು ತುದಿಯಲ್ಲಿ ನಿಂತ ಆಕೃತಿಯತ್ತ ತಲೆಯೆತ್ತದೆಯೇ ಬೈದಳು:

"ಏನೇ ಕಂಬದ ಹಾಗೆ ನಿಂತಿದೀಯಾ? ಕೈ ಬಿದ್ದು ಹೋಗಿದೆಯಾ? ಹಿಡಿಯೇ ಆ ತುದೀನ! ಮಡಚು! ಹಾಗಲ್ಲ, ನಿನ್ನ ಕಡೆಗೆ!"

ಆ ಕಂಬ ಅಸ್ಕಾಲೆ. ಹಿಡಿದಳು. ಮಡಚಿದಳು. ಎಪ್ಪತ್ತು ದಾಟಿದ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಕೆಸರು ತುಳಿಯುತ್ತ, ಒಂದಾದ ಮೇಲೊಂದು ಚಾಪೆ ಹೊತ್ತು ಸೂರಿನಡಿಗೆ ಸೇರಿಸಿದಳು. ಸೆಬ್ಲೆ ಅಂಗಳಕ್ಕೆ ಇಳಿಯಲು ಹೋದರೆ ಕಿರಿಯ ಸೊಸೆ ಅಡ್ಡ ಬಂದು, "ನೀವು ಬೇಡಕ್ಕ, ನೀವು ನೆನೀಬೇಡಿ, ಒಳಗೆ ಹೋಗಿ," ಎಂದು ಬಾಗಿಲೊಳಕ್ಕೆ ತಿರುಗಿಸಿದಳು. ಮಳೆ ದಬದಬ ಬಿತ್ತು. ಕೊನೆಯ ಚಾಪೆ ಒಳಗೆ ಬಂದಿತ್ತು.

ಹಿತ್ತಲ ಸೂರಿನ ಕೆಳಗೆ, ಮೂರು ಕಲ್ಲಿನ ಒಲೆಯ ಸುತ್ತ, ಆ ಒದ್ದೆ ಹೆಂಗಸರೆಲ್ಲ ಕೂತು ಏದುಸಿರು ಬಿಡುತ್ತಿದ್ದರು. ಯಾರೋ ಬಿದ್ದದ್ದನ್ನು ನೆನೆದು ಇನ್ಯಾರೋ ನಗುತ್ತಿದ್ದರು. ಒಲೆಯ ಮೇಲೆ ಮಸಿ ಹಿಡಿದ ದೊಡ್ಡ ಗಡಿಗೆ. ಅಮಾರೆಚ್ ಅದರಿಂದ ಸೋರೆಬುರುಡೆಗಳಿಗೆ ಬಗ್ಗಿಸಿ ಬಗ್ಗಿಸಿ, ಎಡಕ್ಕೊಂದು ಬಲಕ್ಕೊಂದು, ಯಾರ ಮುಖವನ್ನೂ ನೋಡದೆ ದಾಟಿಸುತ್ತಿದ್ದಳು. ಜೊತೆಗೆ ಬೇಯಿಸಿದ ಕೆಸುವಿನ ಗಡ್ಡೆ. ಒಂದು ಬುರುಡೆ ಅಸ್ಕಾಲೆಯ ಕೈಗೂ ಬಂತು.

ಸೆಬ್ಲೆ ಹಿತ್ತಲ ಬಾಗಿಲ ಒಳಗೆ ನಿಂತಿದ್ದಳು. ಅಮ್ಮ ಬುರುಡೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ್ದು ಕಂಡಳು. ಒಂದು ಗುಟುಕು. ಆಮೇಲೆ ಅಮ್ಮ ಅಲ್ಲಾಡಲಿಲ್ಲ. ಆಮೇಲೆ ಬುರುಡೆ ಕೆಳಗಿಳಿಯಲೇ ಇಲ್ಲ, ಕತ್ತು ಹಿಂದಕ್ಕೆ ಬಾಗಿ ಬಾಗಿ, ಕೊನೆಯ ಹನಿಯವರೆಗೂ ಕುಡಿದಳು. ಮೂಗಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಖಾಲಿ ಬುರುಡೆಯನ್ನು ಒಂದು ಮಾತೂ ಆಡದೆ ಅಮಾರೆಚ್‌ಳ ಮುಂದೆ ಚಾಚಿದಳು, ಇನ್ನಷ್ಟು ಹಾಕು ಎಂದು ಮಕ್ಕಳು ಚಾಚುವ ಹಾಗೆ.

ಸೆಬ್ಲೆ ಮಾತಿಗಾಗಿ ಕಾದಳು. ಚೆನ್ನಾಗಿದೆ ಎಂಬುದೂ ಬರಲಿಲ್ಲ, ಇದಲ್ಲ ಎಂಬುದೂ ಬರಲಿಲ್ಲ.

ಆಗಲೇ ಅಮಾರೆಚ್ ತಲೆಯೆತ್ತಿ ನೋಡಿದ್ದು. "ಅಯ್ಯಯ್ಯೋ!" ಎಂದು ಬಾಯಿ ಬಡಿದುಕೊಂಡಳು. "ನೀವಾ! ನಿಮ್ಮನ್ನಾ ನಾನು ಬೈದಿದ್ದು? ಮನೆಗೆ ಬಂದ ಹಿರಿಯರ ಕೈಲಿ ಚಾಪೆ ಹೊರಿಸಿ, ಎಲೆನೀರು ಕುಡಿಸಿಬಿಟ್ನಲ್ಲಪ್ಪ! ಯಾರಿಗಾದ್ರೂ ಗೊತ್ತಾದ್ರೆ ಏನಂತಾರೆ? ಬಿಡಿ ಅದನ್ನ, ಇಲ್ಲಿ ಕೊಡಿ, ಈಗಲೇ ಬೀಜ ಹುರೀತೀನಿ."

ಅಸ್ಕಾಲೆ ಬುರುಡೆಯನ್ನು ಎದೆಗೆ ಅವುಚಿಕೊಂಡಳು. ಕೊಡಲಿಲ್ಲ.

"ಎಲೆನೀರಾ?" ಎಂದಳು ಸೆಬ್ಲೆ, ಬಾಗಿಲಿಂದ.

"ಕಾಫಿ ಎಲೆ ಕಣಕ್ಕ," ಎಂದಳು ಕಿರಿಯ ಸೊಸೆ, ನಾಚಿಕೊಂಡು. "ಹಸಿ ಎಲೇನ ಬಾಡಿಸಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸೊಪ್ಪು, ಉಪ್ಪು ಎಲ್ಲ ಜಜ್ಜಿ ಕುದಿಸೋದು. ಬೆಳಿಗ್ಗೆ ಎದ್ರೆ ಇದೇ ನಮಗೆ. ಬೀಜ ಮಾರೋಕಿರುತ್ತೆ, ಬಂದೋರಿಗಿರುತ್ತೆ."

"ಹನ್ನೊಂದು ದಿನದಿಂದ ಎಷ್ಟು ಮನೆ ಸುತ್ತಿದೀವಿ! ಒಬ್ಬರಾದ್ರೂ ಇದನ್ನ ಕೊಡಲಿಲ್ವಲ್ರೀ?"

ಅಮಾರೆಚ್ ಸೆಬ್ಲೆಯನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಹೇಗೆ ಕೊಡ್ತಾರೆ? ನೆಂಟರಿಗೆ ಯಾರಾದ್ರೂ ಎಲೆ ಕೊಡ್ತಾರಾ? ಮನೇಲಿ ಒಂದು ಹಿಡಿ ಬೀಜಕ್ಕೂ ಗತಿ ಇಲ್ಲ ಅಂತ ಊರೆಲ್ಲ ಆಡ್ಕೊಳಲ್ವಾ? ಇದು ಮನೆಯೋರಿಗೆ."

ಸೆಬ್ಲೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಡಿಸ್‌ನಿಂದ ಬಂದಿದೀವಿ, ಒಳ್ಳೇದನ್ನೇ ಮಾಡಿ ಎಂದು ಬಾಗಿಲು ಬಾಗಿಲಲ್ಲೂ ಕೇಳಿದವಳು ತಾನು. ಪ್ರತಿ ಮನೆಯ ಹಿತ್ತಲಲ್ಲೂ ಈ ಗಡಿಗೆ ಕುದಿಯುತ್ತಿದ್ದಿರಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಜಿನ ಮೇಲೆ ಒಂದು ಎಲೆಯೂ ಬಂದಿರಲಿಲ್ಲ.

ಅಸ್ಕಾಲೆ ಈಗ ಅಳುತ್ತಿದ್ದಳು. ಸದ್ದಿಲ್ಲದ ಅಳು, ಭುಜ ಮಾತ್ರ ಕುಲುಕುತ್ತಿದ್ದವು. ಸೆಬ್ಲೆಯೇ ಅಮ್ಮನ ಕತೆಯನ್ನು ನಾಲ್ಕು ಮಾತಲ್ಲಿ ಹೇಳಿದಳು. ದಣಿಗಳು, ಹೇಸರಗತ್ತೆ, ಸೋರೆಬುರುಡೆ. ಕೂಲಿಹೆಂಗಸರಲ್ಲಿ ಮುದುಕಿಯೊಬ್ಬಳು ನೆಲ ನೋಡುತ್ತ, "ಆಗ ಒಬ್ಬರಾ ಇಬ್ಬರಾ ಹೋಗಿದ್ದು? ಈ ಏರಲ್ಲಿ ಮಗು ಕಳಕೊಳ್ಳದ ಮನೇನೇ ಇರಲಿಲ್ಲ," ಎಂದಳು.

"ನಮ್ಮಜ್ಜಿಗೂ ಒಂದು ಹೆಣ್ಣು ಮಗು ಹೋಯ್ತಂತೆ," ಎಂದಳು ಅಮಾರೆಚ್. "ಅದೋ, ಬೇರೆ ಯಾವುದೋ, ದೇವರಿಗೇ ಗೊತ್ತು." ಆಮೇಲೆ ಅಸ್ಕಾಲೆಯ ಪಕ್ಕಕ್ಕೆ ಸರಿದು, ಅವಳ ಒದ್ದೆ ಕೂದಲನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. "ಅಳ್ಬೇಡ ಕಣೇ ಅಕ್ಕಾ. ಕುಡಿ. ಖಾರ ಸರಿಯಾಗಿದೆಯಾ?"

"ಶುಂಠಿ ಕಮ್ಮಿ ಹಾಕ್ತಿದ್ಲು," ಎಂದಳು ಅಸ್ಕಾಲೆ, ಮೂಗೆಳೆಯುತ್ತ. "ಮೆಣಸು ಇನ್ನೂ ಬೇಕು."

"ನೋಡ್ರೇ, ಬಂದ ತಕ್ಷಣ ತಪ್ಪು ಹುಡುಕ್ತಾಳೆ!" ಎಂದಳು ಅಮಾರೆಚ್. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಅಸ್ಕಾಲೆಯೂ ನಕ್ಕಳು, ಅಳುತ್ತಲೇ. ಆ ನಗು ಸೆಬ್ಲೆಗೆ ಹೊಸದು. ಅಡಿಸ್‌ನ ಮನೆಯಲ್ಲಿ ಅಮ್ಮ ನಕ್ಕರೂ ಯಾರನ್ನೋ ಕೇಳಿ ನಕ್ಕಂತಿರುತ್ತಿತ್ತು.

ಸೊಸೆ ಬಂದು ಸೆಬ್ಲೆಯನ್ನು ಮತ್ತೆ ಮುಂದಿನ ಕೋಣೆಗೆ ಕರೆದೊಯ್ದಳು. ಹೊಸ ಹುಲ್ಲು ಹರಡಿದಳು, ಹೊಸದಾಗಿ ಬೀಜ ಹುರಿದಳು. ಅದೇ ತೊಂಬತ್ತೆರಡರ ಕಾಫಿ, ಬಿಳಿ ಬಟ್ಟಲಿನಲ್ಲಿ, ತಟ್ಟೆಯ ಮೇಲೆ. ಸೆಬ್ಲೆ ಒಬ್ಬಳೇ ಕೂತು ಹಿತ್ತಲಿನ ಮಾತು ಕೇಳುತ್ತಿದ್ದಳು. ಮಳೆಯ ಸದ್ದಿನಲ್ಲಿ ಯಾವುದೂ ಸ್ಪಷ್ಟವಿಲ್ಲ, ಅಮ್ಮನ ದನಿ ಯಾವುದು, ಉಳಿದವರದ್ದು ಯಾವುದು ಎಂದು ಬಿಡಿಸಲಾಗುತ್ತಿರಲಿಲ್ಲ. ಅಮ್ಮನಿಗೆ ಊರು ಸಿಕ್ಕಿತಲ್ಲ ಎಂಬ ಸಂತೋಷವೇ ಹೌದು, ಆದರೆ ಹೊಟ್ಟೆಕಿಚ್ಚೂ ಇತ್ತು. ಸುಳ್ಳೇಕೆ ಹೇಳಲಿ? ನಲವತ್ತೈದು ವರ್ಷದ ಹೆಂಗಸು ಚಿಕ್ಕ ಮಗುವಿನ ಹಾಗೆ ಅಮ್ಮ ಬೇಕು ಅಂದುಕೊಂಡಳು. ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದು ಹಿತ್ತಲಿಗೆ ಹೋದಳು.

ಅಮಾರೆಚ್ ದಡಬಡಿಸಿ ಎದ್ದಳು. "ಯಾಕಕ್ಕಾ, ಕಾಫಿ ಸರಿ ಇರಲಿಲ್ವಾ? ಇಲ್ಲಿ ಹೊಗೆ, ಕೆಸರು. ನೀವು ಒಳಗೇ ಆರಾಮಾಗಿ ಕೂತ್ಕೊಳ್ಳಿ."

ಅಸ್ಕಾಲೆ ಒಲೆಯ ಕಡೆಯಿಂದ ಕತ್ತು ತಿರುಗಿಸಲಿಲ್ಲ. ಕೂತಿದ್ದ ಮರದ ತುಂಡಿನ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿದಳು. "ಅವಳೇನು ಹೊರಗಿನವಳಲ್ಲ ಕಣೇ, ನನ್ನ ಮಗಳು," ಎಂದಳು. "ಇಲ್ಲೇ ಕೂರ್ತಾಳೆ. ಅವಳಿಗೂ ಒಂದು ಬುರುಡೆ ಹಾಕು."

ಇನ್ನೊಬ್ಬರ ಅಡುಗೆಮನೆಯಲ್ಲಿ ಕೂತು ಅಮ್ಮ ಹೀಗೆ ಹಾಕು ಎಂದು ಹೇಳಿದ್ದನ್ನು ಸೆಬ್ಲೆ ಜನ್ಮದಲ್ಲಿ ಕೇಳಿರಲಿಲ್ಲ.

ಅಮಾರೆಚ್ ಹಾಕಿದಳು. ಸೆಬ್ಲೆ ತಾಯಿಯ ಪಕ್ಕ ಕೂತು, ಅಭ್ಯಾಸಬಲದಿಂದ ಮೂಸಿ, ಸೊರ್ರನೆ ಎಳೆದಳು. ಖಾರ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಮೂಗೆಲ್ಲ ನೀರಾಯಿತು. ದೇಶದ ದೊಡ್ಡ ನಾಲಗೆ ಎಂದು ದೆಮಿಸ್ಸೆ ಹೊಗಳಿ ಕಳಿಸಿದ್ದು ಇವಳನ್ನೇನಾ ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು.

ಅಸ್ಕಾಲೆ ಮಗಳ ನೆತ್ತಿ ತಟ್ಟುತ್ತ ಹೇಳಿದಳು: "ನಿಧಾನ ಕುಡಿಯೇ ಹುಚ್ಚಿ. ನಮ್ಮ ಕಡೆ ಖಾರ ಸ್ವಲ್ಪ ಜಾಸ್ತಿ."